ಓದಿನ ಜೊತೆ ದುಡಿಮೆ: ಹಾಲೆಂಡಿಗೆ ಹೊರಟವರಿಗೆ ಮತ್ತು ಅವರ ಪಾಲಕರಿಗೆ
(ಪಾಲಕರ ಹಾಗೂ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಹೊರದೇಶಕ್ಕೆ ಓದಲು ಕಳುಹಿಸುವ ತಂದೆತಾಯಂದಿರು ನಮ್ಮಲ್ಲಿಗೆ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಫೀಸು ನಾವು ಕಟ್ತೇವೆ, ಊಟ-ಬಾಡಿಗೆಗೆ ಅವನೇ ಅಲ್ಲಿ ದುಡಿದುಕೊಳ್ತಾನಂತೆ." ಈ 'ಅಂತೆ' ಎಲ್ಲಿಂದ ಬಂತು ಎಂದು ಕೇಳಿದರೆ ಏಜೆಂಟರ ಹೆಸರು ಬರುತ್ತದೆ. ಮನೆಪತ್ರ ಬ್ಯಾಂಕಿನಲ್ಲಿಟ್ಟ ಮೇಲೆ ಇದನ್ನು ವಿಚಾರಿಸಿ ಏನು ಫಲ?

ನೆದರ್‌ಲ್ಯಾಂಡ್ಸಿನ ನೈಮೇಗನ್ ಪಟ್ಟಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1923ರಲ್ಲಿ ಕಥೋಲಿಕರು ಕಟ್ಟಿದ ವಿಶ್ವವಿದ್ಯಾನಿಲಯ ಅಲ್ಲಿದೆ, ಈಗಿನ ಹೆಸರು ರಾಡ್‌ಬೌಡ್. 2022ರಲ್ಲಿ ಸಂತರೆಂದು ಘೋಷಿಸಲ್ಪಟ್ಟ, ನಾಜಿಗಳ ಡಖಾವ್ ಸೆರೆಶಿಬಿರದಲ್ಲಿ ಪ್ರಾಣ ಕೊಟ್ಟ ಟೈಟಸ್ ಬ್ರಾಂಡ್ಸ್‌ಮಾ ಸ್ವಾಮಿಗಳು ಪಾಠ ಹೇಳಿದ್ದು ಅಲ್ಲಿಯೇ. ಆದರೆ ಕೆಲಸದ ಕಾನೂನು ದೇಶಕ್ಕೆಲ್ಲ ಒಂದೇ.

ಭಾರತದಿಂದ ಹೋದ ವಿದ್ಯಾರ್ಥಿ ವಾರಕ್ಕೆ 16 ಗಂಟೆ ಮಾತ್ರ ದುಡಿಯಬಹುದು. ಇಲ್ಲವೇ ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಪೂರ್ಣಾವಧಿ. ಎರಡರಲ್ಲಿ ಒಂದು, ಎರಡೂ ಅಲ್ಲ. ಅದಕ್ಕೂ ಟಿ.ಡಬ್ಲ್ಯು.ವಿ. ಎಂಬ ಪರವಾನಗಿ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದವರು ಕೆಲಸ ಕೊಡುವ ಯಜಮಾನರು, ವಿದ್ಯಾರ್ಥಿಯಲ್ಲ. ಐದು ವಾರದವರೆಗೆ ಕಾಯಬೇಕಾಗಬಹುದು. ಅರ್ಜಿಗೆ ಶುಲ್ಕವೇ ಇಲ್ಲ! ಆದ್ದರಿಂದ "ವರ್ಕ್ ಪರ್ಮಿಟ್ ಮಾಡಿಸಿಕೊಡ್ತೇವೆ, ಇಷ್ಟು ಸಾವಿರ ಕೊಡಿ" ಎಂದು ಇಲ್ಲಿ ಯಾರಾದರೂ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಕೆಲಸ ಬದಲಿಸಿದರೆ ಹೊಸ ಯಜಮಾನರು ಹೊಸ ಪರವಾನಗಿ ತರಬೇಕು. ಯುರೋಪಿನ ಹುಡುಗರಿಗೆ ಈ ರಗಳೆ ಇಲ್ಲ, ಹಾಗಾಗಿ ಎಷ್ಟೋ ಹೋಟೆಲಿನವರು ನಮ್ಮ ಮಕ್ಕಳಿಗೆ ನಯವಾಗಿಯೇ 'ಇಲ್ಲ' ಅಂತಾರೆ.

ಇನ್ನು ಹಣದ ಲೆಕ್ಕ. 2024ರ ಜನವರಿಯಿಂದ ಅಲ್ಲಿ ಗಂಟೆ ಲೆಕ್ಕದಲ್ಲಿ ಕನಿಷ್ಠ ಕೂಲಿ ನಿಗದಿಯಾಯಿತು. 2025ರ ಜನವರಿಯಲ್ಲಿ 21 ವರ್ಷ ತುಂಬಿದವರಿಗೆ ಅದು 14.06 ಯೂರೋ ಇತ್ತು, ಚಿಕ್ಕವರಿಗೆ ಕಡಿಮೆ. 16 ಗಂಟೆ ಪೂರ್ತಿ ಸಿಕ್ಕಿದರೂ ವಾರಕ್ಕೆ ಸುಮಾರು 225 ಯೂರೋ, ತೆರಿಗೆ ಕಡಿತಕ್ಕೆ ಮುಂಚೆ. ಮೊದಲ ತಿಂಗಳುಗಳಲ್ಲಿ ಅಷ್ಟು ಗಂಟೆ ಸಿಗುವುದೂ ಕಷ್ಟ. ಜೊತೆಗೆ ಸಂಬಳದ ಕೆಲಸಕ್ಕೆ ಸೇರಿದ ಕೂಡಲೇ ಆ ದೇಶದ ಆರೋಗ್ಯ ವಿಮೆ ಕಡ್ಡಾಯ, 2025ರಲ್ಲಿ ತಿಂಗಳಿಗೆ ಸುಮಾರು 150 ಯೂರೋ. ವಾರಕ್ಕೆ ನಾಲ್ಕೇ ಗಂಟೆ ದುಡಿದವನ ಸಂಪಾದನೆಯ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತದೆ! ಕಡಿಮೆ ಆದಾಯದವರಿಗೆ ಸರ್ಕಾರ 'ಜೋರ್ಗ್‌ಟೂಸ್ಲಾಹ್' ಎಂಬ ಸಹಾಯಧನ ಕೊಡುತ್ತದೆ. ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಕೂಲಿಯ ಮೇಲೆ ಶೇ. 8 ರಜಾಭತ್ಯೆ ಉಂಟು, ಅದನ್ನೂ ಬಿಡಬೇಡಿ.

ಕೆಲಸ ಎಲ್ಲಿ? ಅಂಗಡಿ ಕೌಂಟರಿನಲ್ಲಿ ಡಚ್ ಭಾಷೆ ಕೇಳುತ್ತಾರೆ. ಪಾತ್ರೆ ತೊಳೆಯುವುದು, ಹೋಟೆಲ್ ಕೋಣೆ ಶುಚಿಮಾಡುವುದು, ಗೋದಾಮು, ಇಲ್ಲಿ ಭಾಷೆ ಇಲ್ಲದೆಯೂ ನಡೆಯುತ್ತದೆ. ನೈಮೇಗನ್ನಿನಲ್ಲಿ ಜುಲೈ ತಿಂಗಳಲ್ಲಿ ನಾಲ್ಕು ದಿನಗಳ ಮಹಾನಡಿಗೆ ಇದೆ, 1909ರಲ್ಲಿ ಶುರುವಾದದ್ದು. ಸಾವಿರಾರು ಜನ ನಡೆಯುತ್ತಾರೆ, ಊರಿಡೀ ಜಾತ್ರೆ. ಊಟದಂಗಡಿಗಳಿಗೆ ಆಗ ಕೈಗಳು ಸಾಲವು. ಬೇಸಿಗೆಯ ಪೂರ್ಣಾವಧಿ ಆರಿಸಿಕೊಂಡವನು ಏಪ್ರಿಲಿನಲ್ಲೇ ವಿಚಾರಿಸಲಿ, ಪರವಾನಗಿಗೂ ವಾರಗಳು ಬೇಕಲ್ಲ. ಪ್ರಾಧ್ಯಾಪಕರಿಗೆ ಸಹಾಯಕರಾಗುವ ಕೆಲಸವೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದೇ, ಆದರೆ ಅಂಕ ಚೆನ್ನಾಗಿರಬೇಕು.

ಕೆಲವರು "ಪರವಾನಗಿ ಯಾಕೆ, ಕೈಗೆ ನಗದು ಕೊಡ್ತೇನೆ" ಅಂತಾರೆ. ನಮ್ಮ ದೇಶದವರೇ ಅಂದರೂ ಆಶ್ಚರ್ಯವಿಲ್ಲ. ಅಲ್ಲಿ ಕೈ ಕೊಯ್ದುಕೊಂಡರೂ, ಸಂಬಳ ತಪ್ಪಿಸಿದರೂ ದೂರು ಕೊಡಲು ಹುಡುಗ ಹೆದರುತ್ತಾನೆ. ಸಿಕ್ಕಿಬಿದ್ದರೆ ಯಜಮಾನನಿಗೆ ದಂಡ, ವಿದ್ಯಾರ್ಥಿಯ ವಾಸದ ಪರವಾನಗಿಗೇ ಕುತ್ತು.

ಮತ್ತೊಂದು ವಿಷಯ ಪಾಲಕರಿಗೆ ಗೊತ್ತೇ ಇರುವುದಿಲ್ಲ. ವರ್ಷದ 60 ಕ್ರೆಡಿಟ್‌ಗಳಲ್ಲಿ ಕನಿಷ್ಠ ಅರ್ಧ ಗಳಿಸದಿದ್ದರೆ, ತಕ್ಕ ಕಾರಣವೂ ಇಲ್ಲದಿದ್ದರೆ, ವಿಶ್ವವಿದ್ಯಾನಿಲಯವೇ ವಲಸೆ ಇಲಾಖೆಗೆ ತಿಳಿಸುತ್ತದೆ. ರಾತ್ರಿ ಎರಡು ಗಂಟೆಯವರೆಗೆ ಪಾತ್ರೆ ತೊಳೆದು ಬೆಳಿಗ್ಗೆ ಪಾಠದಲ್ಲಿ ತೂಕಡಿಸುವವನಿಗೆ ಫೋನಿನಲ್ಲಿ "ಈ ತಿಂಗಳು ಎಷ್ಟು ಕಳಿಸ್ತಿ ಮಗಾ?" ಎಂದು ದಯವಿಟ್ಟು ಕೇಳಬೇಡಿ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಅವಕಾಶವುಂಟು, ಆಗ ಟಿ.ಡಬ್ಲ್ಯು.ವಿ.ಯೂ ಬೇಡ, 16 ಗಂಟೆಯ ಕಟ್ಟೂ ಇಲ್ಲ. ಸಾಲ ತೀರಿಸುವ ಲೆಕ್ಕ ಅಲ್ಲಿಂದ ಹಾಕಿ.

ಮೊದಲ ವರ್ಷದ ಊಟ-ಬಾಡಿಗೆ ಕೈಯಲ್ಲಿದ್ದರೆ ಮಾತ್ರ ಹೊರಡಿ. ಏಜೆಂಟರು ಕೊಟ್ಟ ಕಾಗದಗಳಿದ್ದರೆ ಸಾಲಕ್ಕೆ ಸಹಿ ಹಾಕುವ ಮೊದಲು ನಮ್ಮ ಕಚೇರಿಗೆ ತನ್ನಿ, ಜೊತೆಯಲ್ಲಿ ಕೂತು ಓದೋಣ.