ವಿಷಕ್ಕೆ ನೆಲನೆಲ್ಲಿ ಸಾಕೇ?

(ಕೂಲಿಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯಲ್ಲಿ ಟೊಮೇಟೊಗೆ ಹೊಡೆಯುವ ವಿಷಕ್ಕೂ 'ಔಷಧಿ' ಎನ್ನುತ್ತೇವೆ. ಕಾಮಾಲೆಯಾದವನಿಗೆ ಅರೆದು ಕುಡಿಸುವ ನೆಲನೆಲ್ಲಿಗೂ 'ಔಷಧಿ' ಎನ್ನುತ್ತೇವೆ. ಈ ಗೊಂದಲದಿಂದ ಲಾಭ ಯಾರಿಗೆ?

ಊಜಿ ಬಿತ್ತೆಂದು ಕೋಲಾರ, ಮುಳಬಾಗಿಲಿನ ಟೊಮೇಟೊ ತೋಟಗಳಲ್ಲಿ, ಜಿಗಿಹುಳು ಬಂತೆಂದು ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಮಾಲೂರಿನ ಹೂವು ತರಕಾರಿಗಳ ನಡುವೆ, ಬೆನ್ನಿಗೆ ಪಂಪು ಹೊತ್ತು ನಡೆಯುವವನು ಕೂಲಿಯವನು. ಬರಿಗಾಲು, ಬರಿಗೈ, ಮೂಗಿಗೆ ಹೆಚ್ಚೆಂದರೆ ಒಂದು ಟವೆಲು. ಪಂಪು ಸೋರಿ ಬೆನ್ನು ನೆನೆಯುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ವಿಷ ಚರ್ಮದಿಂದಲೇ ಒಳಹೊಕ್ಕು ನರಗಳನ್ನು ಕೆಡಿಸುತ್ತದೆ. ಕಣ್ಣಪಾಪೆ ಕಿರಿದಾಗಿ, ಜೊಲ್ಲು ಸುರಿದು, ಉಸಿರು ಕಟ್ಟುತ್ತದೆ. ಆ ಗಳಿಗೆಯಲ್ಲಿ ಬೇಕಾದದ್ದು ಆಸ್ಪತ್ರೆ ಮತ್ತು ಅಟ್ರೋಪಿನ್ ಸೂಜಿ, ಕಷಾಯವಲ್ಲ.

ಗಿಡಮೂಲಿಕೆಯನ್ನು ನಾವು ಹಳಿಯುತ್ತಿಲ್ಲ. ಪ್ರಯೋಗಗಳಲ್ಲಿ ನೆಲನೆಲ್ಲಿ ಇಲಿಗಳ ಯಕೃತ್ತನ್ನು ಕೆಲವು ವಿಷಗಳಿಂದ ಕಾಪಾಡಿದೆ. ಮಂಗರವಳ್ಳಿ ಮುರಿದ ಮೂಳೆ ಕೂಡಲು ನೆರವಾಗಿದೆ. ನಮ್ಮ ಅಜ್ಜಿಯರ ತಿಳಿವಳಿಕೆಗೆ ಅದು ಗೌರವವೇ. ಆದರೆ ಪಂಜರದ ಇಲಿಗೆ ಅಳೆದು ಕೊಟ್ಟ ವಿಷ ಬೇರೆ, ಹತ್ತು ವರ್ಷ ತೋಟದಲ್ಲಿ ಮೈಗಂಟಿದ ವಿಷ ಬೇರೆ. ಮೂಲಿಕೆಯೆಂದರೆ ಸಾಧುವೆಂದೂ ಅಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತೇ ಕೆಟ್ಟಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ, ಆ ಮಾತೂ ಹೇಳಬೇಕು.

ಇನ್ನು ಮೂಳೆಯ ಮಾತು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ವರ್ಷಗಟ್ಟಲೆ ಬಹಳ ಮೀರಿದ ನೀರನ್ನೇ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಸೊಂಟ ಬಗ್ಗದವನಿಗೆ ಮಂಗರವಳ್ಳಿ ಚಟ್ನಿ ತಿನ್ನೆಂದು ಬುದ್ಧಿ ಹೇಳುವವರು ಮೊದಲು ಅವನೂರಿನ ನೀರನ್ನು ಪರೀಕ್ಷೆ ಮಾಡಿಸಲಿ.

ಕೀಟನಾಶಕ ಕಾಯಿದೆ 1968ರಲ್ಲೇ ಬಂತು. ಸಿಂಪಡಿಸುವವನಿಗೂ ರಕ್ಷಣೆಯ ಉಡುಪು ಬೇಕೆಂದು 1971ರ ನಿಯಮಗಳು ಹೇಳುತ್ತವೆ. ಆ ಉಡುಪನ್ನು ನಮ್ಮ ತೋಟಗಳಲ್ಲಿ ಕಂಡವರು ಕೈಯೆತ್ತಿ!

ಹಿತ್ತಿಲಲ್ಲಿ ನೆಲನೆಲ್ಲಿ ಇರಲಿ. ತೋಟದ ಯಜಮಾನರಿಂದ ನಾವು ಕೇಳುವುದು ಕೈಗವಸು, ಬೂಟು, ತುಂಬುತೋಳಿನ ಅಂಗಿ, ಮೈತೊಳೆಯಲು ಸೋಪು ನೀರು, ವಾಂತಿಯಾಗಿ ಮಲಗಿದ ದಿನದ ಕೂಲಿ. ಸರ್ಕಾರದಿಂದ ಕೇಳುವುದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಟ್ರೋಪಿನ್. ತನ್ನ ಎರಡೆಕರೆಗೆ ತಾನೇ ಹೊಡೆಯುವ ರೈತ ಯಾರನ್ನು ಕೇಳಬೇಕು? ಸಾಲಕ್ಕೆ 'ಔಷಧಿ' ಕೊಡುವ ಅಂಗಡಿ ಡಬ್ಬಿಯ ಜೊತೆಗೆ ಕೈಗವಸನ್ನೂ ಕೊಡಲಿ. ಅದನ್ನು ಮಾತ್ರ ಲೆಕ್ಕದ ಪುಸ್ತಕಕ್ಕೆ ಬರೆಯದಿರಲಿ.