ಐ.ಟಿ.ಐ. ಮೇಷ್ಟ್ರೂ ಗ್ಯಾರೇಜಿನ ಮಾಲೀಕರೂ ಕೂಡಿದರೆ ಮಕ್ಕಳಿಗೆ ಕಸುಬು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ದೊಡ್ಡ ಭಾಷಣ ಮಾಡುವವನಲ್ಲ. ಹಾಲಿನ ದರ, ಬೋನಸ್ಸು, ಪಶು ಆಹಾರದ ವಿಚಾರ ಹಿರಿಯರು ಆಗಲೇ ಹೇಳಿದ್ದಾರೆ. ನಮ್ಮ ಮಕ್ಕಳ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಿ ಕೂರುತ್ತೇನೆ.

ನಮ್ಮ ಸದಸ್ಯರ ಮನೆಗಳಿಂದ ಮಕ್ಕಳು ಐ.ಟಿ.ಐ.ಗೆ ಹೋಗ್ತಿದ್ದಾರೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್ ಅಂತ ಸೇರ್ತಾರೆ. ಸರ್ಟಿಫಿಕೇಟು ಬರುತ್ತೆ. ಕೈಗೆ ಕೆಲಸ ಬಂತಾ ಅನ್ನೋದು ಪ್ರಶ್ನೆ. ದಡದ ಮೇಲೆ ನಿಂತು ಈಜು ಕಲಿಯೋಕಾಗಲ್ಲ. 2020ರ ಏಪ್ರಿಲ್ 1ರಿಂದ ಮಾರಾಟವಾದ ಹೊಸ ಲಾರಿ, ಪಿಕಪ್ ಗಾಡಿಗಳೆಲ್ಲ ಬಿ.ಎಸ್.6. ಅವುಗಳ ಎಂಜಿನ್ನಿನ ದೋಷ ಹಿಡಿಯಲು ಸ್ಕ್ಯಾನರ್ ಹಾಕಬೇಕು. ಹಳೇ ಎಂಜಿನ್ ಬಿಚ್ಚಿ ಜೋಡಿಸಿದ ಹುಡುಗನಿಗೆ ಅದು ತಿಳಿಯಬೇಕಾದರೆ ವರ್ಕ್‌ಶಾಪಿಗೇ ಹೋಗಬೇಕು.

ಇದಕ್ಕೆ ಸರ್ಕಾರದ ದಾರಿ ಎರಡಿವೆ. ಒಂದು, ಓದುತ್ತಿರುವಾಗಲೇ ಕಲಿಯುವುದು. 2016ರಲ್ಲಿ ಜರ್ಮನಿ ದೇಶದ ಮಾದರಿಯಲ್ಲಿ ಐ.ಟಿ.ಐ.ಗಳಿಗೆ ದ್ವಿಮುಖ ತರಬೇತಿ ಪದ್ಧತಿ ಬಂತು. 2019ರ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದ ಕೋರ್ಸಿನವರು 3ರಿಂದ 6 ತಿಂಗಳು, ಎರಡು ವರ್ಷದ ಕೋರ್ಸಿನವರು 6ರಿಂದ 12 ತಿಂಗಳು ಕಾರ್ಖಾನೆಯಲ್ಲಿ ಕಲಿಯಬಹುದು. ಇದಕ್ಕೆ ಐ.ಟಿ.ಐ.ಗೂ ಕಾರ್ಖಾನೆಗೂ ಒಡಂಬಡಿಕೆ ಆಗಿರಬೇಕು. ಇನ್ನೊಂದು, ಪಾಸಾದ ಮೇಲೆ ಅಪ್ರೆಂಟಿಸ್ ಆಗುವುದು. ಅದಕ್ಕೆ 1961ರ ಕಾಯಿದೆಯೇ ಇದೆ. 30 ಜನ ಅಥವಾ ಹೆಚ್ಚು ದುಡಿಯುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ನಾಲ್ಕು ಜನ ಅಥವಾ ಹೆಚ್ಚು ಇದ್ದರೆ ಇಷ್ಟವಿದ್ದಲ್ಲಿ ತೆಗೆದುಕೊಳ್ಳಬಹುದು.

ಆದರೆ ಬಂಧುಗಳೇ, ಕಾಗದದ ಮೇಲಿರೋದು ಒಂದು, ನಡೆಯೋದು ಇನ್ನೊಂದು. ನನ್ನ ಅಣ್ಣನ ಮಗನನ್ನು ಪಟ್ಟಣದ ಒಂದು ವರ್ಕ್‌ಶಾಪಿಗೆ ಕಳಿಸಿದೆವು. ಆರು ತಿಂಗಳು ಅವನು ಗಾಡಿ ತೊಳೆದ, ಟೀ ತಂದ, ಕಸ ಗುಡಿಸಿದ. ಸ್ಪ್ಯಾನರ್ ಹಿಡಿದದ್ದು ಕಡಿಮೆ. ಮೇಷ್ಟ್ರು ಆ ಕಡೆ ತಲೆ ಹಾಕಲಿಲ್ಲ, ಮಾಲೀಕರು ಏನು ಕಲಿಸಬೇಕು ಅಂತ ಕೇಳಲಿಲ್ಲ. ಕೊನೆಗೆ ಒಂದು ಸಹಿ ಹಾಕಿ ಕಳಿಸಿದರು. ಅದೇ ಬೀದಿಯ ಇನ್ನೊಬ್ಬ ಹುಡುಗ ಸಣ್ಣ ಗ್ಯಾರೇಜಿಗೆ ಹೋಗಿದ್ದ. ಅವನ ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಬೈಕಿನಲ್ಲಿ ಬಂದು ಹುಡುಗನ ಕೈಯಲ್ಲೇ ಕೆಲಸ ಮಾಡಿಸಿ ನೋಡ್ತಿದ್ದರು. ಇವತ್ತು ನಮ್ಮೂರಿನ ಟಿಲ್ಲರ್ ಕೆಟ್ಟರೆ ನಾವು ಅವನನ್ನೇ ಕರೀತೀವಿ. ಬುದ್ಧಿಯಲ್ಲಿ ಇಬ್ಬರೂ ಸಮ. ವ್ಯತ್ಯಾಸವಾದದ್ದು ಮೇಷ್ಟ್ರು ಮತ್ತು ಮಾಲೀಕರ ನಡುವಿನ ಮಾತುಕತೆಯಲ್ಲಿ.

ಆ ಮೇಷ್ಟ್ರು ಮಾಡಿದ್ದನ್ನು ಕೇಳಿ ತಿಳಿದುಕೊಂಡೆ. ಹುಡುಗನನ್ನು ಬಿಡುವ ಮೊದಲೇ ಮಾಲೀಕರ ಜೊತೆ ಕೂತು, ಮೊದಲ ತಿಂಗಳು ಆಯಿಲ್, ಫಿಲ್ಟರ್, ಬ್ರೇಕು, ಆಮೇಲೆ ಕ್ಲಚ್ಚು, ಆಮೇಲೆ ಎಂಜಿನ್ ಅಂತ ಪಟ್ಟಿ ಬರೆದರು. ಹುಡುಗ ದಿನಾ ಡೈರಿ ಬರೀಬೇಕು, ವಾರಕ್ಕೊಮ್ಮೆ ಮಾಲೀಕರು ಸಹಿ ಹಾಕಬೇಕು. ಗ್ಯಾರೇಜಿನಲ್ಲಿ ಸಿಗದ ಕೆಲಸವನ್ನು ಮೇಷ್ಟ್ರು ಐ.ಟಿ.ಐ.ನಲ್ಲೇ ಕಲಿಸಿದರು. ಹೊಸ ಗಾಡಿಯ ವಿಚಾರ ತಮಗೆ ತಿಳಿಯದ್ದನ್ನು ಮಾಲೀಕರ ಹತ್ತಿರ ಕೇಳಿ ಕಲಿತರು. ಮೇಷ್ಟ್ರೇ ಕಲಿಯೋಕೆ ನಿಂತರೆ ಮಾಲೀಕರಿಗೂ ಕಲಿಸೋ ಮನಸ್ಸು ಬರುತ್ತೆ.

ಮಾಲೀಕರ ಕಷ್ಟವನ್ನೂ ಹೇಳಬೇಕು. ಕಲಿಯೋ ಹುಡುಗ ಸಾಮಾನು ಹಾಳು ಮಾಡ್ತಾನೆ, ಒಳ್ಳೇ ಮಿಸ್ತ್ರಿಯ ಸಮಯ ಹೋಗುತ್ತೆ, ಕೈಗೆ ಪೆಟ್ಟಾದರೆ ಯಾರು ಜವಾಬ್ದಾರಿ ಅನ್ನೋ ಭಯ. ಅವು ಸುಳ್ಳಲ್ಲ. ಕಾಯಿದೆಯಂತೆ ಅಪ್ರೆಂಟಿಸ್‌ಗೆ ಕೆಲಸದಲ್ಲಿ ಪೆಟ್ಟಾದರೆ ಮಾಲೀಕರೇ ಪರಿಹಾರ ಕೊಡಬೇಕು. ಅದೇ ಕಾಯಿದೆ ಇನ್ನೊಂದು ಮಾತು ಹೇಳುತ್ತೆ, ತಂದೆತಾಯಿಗಳು ನೆನಪಿಡಿ: ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕನಲ್ಲ. ಹದಿನೆಂಟು ತುಂಬದ ಮಕ್ಕಳ ಕರಾರಿಗೆ ಪೋಷಕರ ಸಹಿ ಬೇಕು. ಓದದೆ ಸಹಿ ಹಾಕಬೇಡಿ. ಏನು ಕಲಿಸ್ತೀರಿ, ಎಷ್ಟು ದಿನ, ತಿಂಗಳಿಗೆ ಎಷ್ಟು ಕೊಡ್ತೀರಿ ಅಂತ ಕೇಳಿ.

ನಮ್ಮ ಸಂಘಕ್ಕೂ ಇದರಲ್ಲಿ ಕೆಲಸವಿದೆ. ನಮ್ಮಲ್ಲಿ ನಾಲ್ಕು ಜನ ನೌಕರರಿಲ್ಲ, ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಇಟ್ಟುಕೊಳ್ಳಲು ಬರಲ್ಲ. ಆದರೆ ನಮಗೊಂದು ಕಟ್ಟಡವಿದೆ, ಜನರ ನಂಬಿಕೆ ಇದೆ. ವರ್ಷಕ್ಕೊಂದು ದಿನ ಐ.ಟಿ.ಐ. ಮೇಷ್ಟ್ರು, ಸುತ್ತಲಿನ ಗ್ಯಾರೇಜು, ಪಂಪ್‌ಸೆಟ್ ರಿಪೇರಿ, ಹಾಲು ಕರೆಯುವ ಯಂತ್ರದ ಅಂಗಡಿಯವರು, ತಂದೆತಾಯಿಗಳನ್ನು ಇದೇ ಜಗುಲಿಯ ಮೇಲೆ ಕೂರಿಸೋಣ. ಯಾರ ಹತ್ತಿರ ಯಾವ ಮಗು ಏನು ಕಲಿಯುತ್ತೆ ಅಂತ ಅಲ್ಲೇ ಬರೆದಿಡೋಣ. ಹೆಣ್ಣುಮಕ್ಕಳನ್ನು ಬಿಡುವುದು ಬೇಡ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದಿದ ಮಕ್ಕಳೂ ನಮ್ಮೂರಲ್ಲಿದ್ದಾರೆ. ಇದಕ್ಕೆ ಖರ್ಚು ಟೀ ಕಾಫಿಯಷ್ಟೇ.

ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಹೇಳುತ್ತೆ. ತರಬೇತಿಗೆ ನೀರು ಬೆರೆಸಿದರೆ ಹೇಳೋಕೆ ಯಂತ್ರವಿಲ್ಲ, ನಾವೇ ಹೋಗಿ ನೋಡಬೇಕು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಇಡುತ್ತೇನೆ, ತಾವೆಲ್ಲ ಬೆಂಬಲಿಸಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.