ಸಾಕು ಎಂದ ಆಟಗಾರ

2021ನೆಯ ಇಸವಿ ಆಗಸ್ಟ್ 7ನೆಯ ತಾರೀಖು, ಶನಿವಾರ. ಆ ದಿನ ಬೆಳಿಗ್ಗೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಲೋಟದ ಕಾಫಿ ಲೋಟದಲ್ಲಿಯೇ ಆರಿಹೋಯಿತು. ಗಾಲ್ಫ್ ಎಂದರೇನೆಂದು ಅದುವರೆಗೆ ಕೇಳಿಯೂ ಅರಿಯದವರು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡುತ್ತಿದ್ದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಒಂದೊಂದು ಹೊಡೆತಕ್ಕೂ ಉಸಿರು ಬಿಗಿಹಿಡಿದು ಕುಳಿತರು. ನಾಲ್ಕು ದಿನಗಳಲ್ಲಿ ಆಕೆ ಹೊಡೆದದ್ದು 269 ಹೊಡೆತ. ಪದಕಕ್ಕೆ ಬೇಕಾಗಿದ್ದದ್ದು 268. ಒಂದೇ ಒಂದು ಹೊಡೆತದಿಂದ ಪದಕ ಕೈಜಾರಿತು. ನಾಲ್ಕನೆಯ ಸ್ಥಾನ ಉಳಿಯಿತು. ಆಟ ಮುಗಿದ ಮೇಲೆ ನಿಮ್ಮಲ್ಲಿ ಅನೇಕರು ಕೇಳಿಕೊಂಡಿರಬಹುದು: ಗೆಲುವಿಗೂ ಸೋಲಿಗೂ ನಡುವಿನ ಅಂತರ ಇಷ್ಟೇ ಆದರೆ, ಮನುಷ್ಯನು ಯಾವುದನ್ನು ನಂಬಿ ಆಡಬೇಕು?

ಈ ಪ್ರಶ್ನೆಯನ್ನು ತನ್ನ ಬದುಕಿನಲ್ಲಿಯೇ ಇಟ್ಟುಕೊಂಡು ಉತ್ತರಿಸಿದ ಒಬ್ಬ ಆಟಗಾರನ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆತನ ಹೆಸರು ಬೈರನ್ ನೆಲ್ಸನ್. ಅಮೆರಿಕದ ಟೆಕ್ಸಾಸ್ ಪ್ರಾಂತದವನು. ಹುಟ್ಟಿದ್ದು 1912ರ ಫೆಬ್ರವರಿ 4ರಂದು, ತೀರಿಕೊಂಡದ್ದು 2006ರ ಸೆಪ್ಟೆಂಬರ್ 26ರಂದು. ಅಂದರೆ ತೊಂಬತ್ತನಾಲ್ಕು ವರ್ಷದ ತುಂಬು ಬಾಳು. ಈ ತೊಂಬತ್ತನಾಲ್ಕರಲ್ಲಿ ಆತ ಪಂದ್ಯಗಳಿಗಾಗಿ ಊರೂರು ತಿರುಗುವ ವೃತ್ತಿಯಲ್ಲಿ ಕಳೆದದ್ದು ಹದಿನಾಲ್ಕೇ ವರ್ಷ. ಆಮೇಲಿನ ಆಯುಷ್ಯವೆಲ್ಲ ಮಾಜಿ ಆಟಗಾರನಾಗಿಯೇ ಕಳೆಯಿತು. ಈ ಲೆಕ್ಕವೇ ಮೊದಲು ನಮ್ಮ ಗಮನಕ್ಕೆ ಬರಬೇಕಾದದ್ದು.

ಆಟದ ಪರಿಚಯವಿಲ್ಲದವರಿಗಾಗಿ ಒಂದು ಮಾತು. ಗಾಲ್ಫ್ ಬಯಲಿನಲ್ಲಿ ಹದಿನೆಂಟು ಕುಳಿಗಳು. ಚೆಂಡನ್ನು ಒಂದು ತುದಿಯಿಂದ ಹೊಡೆದು, ದೂರದ ಹಸುರಂಗಳದಲ್ಲಿರುವ ಕುಳಿಗೆ ಬೀಳಿಸಬೇಕು. ಯಾರು ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಎಲ್ಲ ಕುಳಿಗಳನ್ನೂ ಮುಗಿಸುತ್ತಾರೋ ಅವರದು ಗೆಲುವು. ನಮ್ಮ ದೇಶಕ್ಕೆ ಇದು ಹೊಸದೇನೂ ಅಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಹುಟ್ಟಿತು. ಕ್ರಿಕೆಟ್ಟಿನಲ್ಲಿ ಎದುರಾಳಿ ಎಸೆದ ಚೆಂಡನ್ನು ಆಡಬೇಕು. ಟೆನಿಸ್ಸಿನಲ್ಲಿ ಎದುರಾಳಿ ಹೊಡೆದುದನ್ನು ಹಿಂದಿರುಗಿಸಬೇಕು. ಇಲ್ಲಿ ಹಾಗಲ್ಲ. ಚೆಂಡು ಸುಮ್ಮನೆ ನೆಲದ ಮೇಲೆ ಕುಳಿತಿರುತ್ತದೆ. ಅದನ್ನು ಕೆಡಿಸುವವನೂ ನಾನೇ, ಸರಿಪಡಿಸುವವನೂ ನಾನೇ. ಹೊಡೆತಗಳ ಲೆಕ್ಕ ಇಡುವುದೂ, ತಪ್ಪಾದಾಗ ತಪ್ಪಾಯಿತೆಂದು ಹೇಳುವುದೂ ಬಹುಮಟ್ಟಿಗೆ ಆಡುವವನ ಮನಸ್ಸಾಕ್ಷಿಗೇ ಬಿಟ್ಟದ್ದು.

ನೆಲ್ಸನ್ ಬಡ ಒಕ್ಕಲು ಮನೆತನದ ಹುಡುಗ. ಹನ್ನೊಂದರ ಆಸುಪಾಸಿನಲ್ಲಿ ವಿಷಮಶೀತ ಜ್ವರ ಬಂದು ಮೈತೂಕದ ಅರ್ಧದಷ್ಟು ಇಳಿದುಹೋಯಿತು. ಬದುಕುವ ಆಸೆಯೇ ಇರಲಿಲ್ಲವಂತೆ. ಬದುಕಿದ, ಆದರೆ ಆ ಕಾಯಿಲೆಯ ದೆಸೆಯಿಂದ ಮುಂದೆ ಆತನಿಗೆ ಮಕ್ಕಳಾಗಲಿಲ್ಲ. ಚೇತರಿಸಿಕೊಂಡ ಹುಡುಗ ಹನ್ನೆರಡನೆಯ ವಯಸ್ಸಿನಲ್ಲಿ ತನ್ನ ಮನೆತನದ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ. ಸುಮಾರು ಅದೇ ಕಾಲಕ್ಕೆ ಫೋರ್ಟ್ ವರ್ತ್ ಊರಿನ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಸೇರಿದ. ಕ್ಯಾಡಿ ಎಂದರೆ ಆಟಗಾರರ ಕೋಲಿನ ಚೀಲ ಹೊತ್ತು ಅವರ ಹಿಂದೆ ನಡೆಯುವವನು. ದೇವರೂ ಗಾಲ್ಫೂ ಹೀಗೆ ಒಂದೇ ಸಮಯದಲ್ಲಿ ಆತನ ಬದುಕಿನೊಳಕ್ಕೆ ಬಂದವು.

ಅದೇ ಕ್ಲಬ್ಬಿನಲ್ಲಿ ಚೀಲ ಹೊರುತ್ತಿದ್ದ ಇನ್ನೊಬ್ಬ ಹುಡುಗನಿದ್ದ. ಅವನ ಹೆಸರು ಬೆನ್ ಹೋಗನ್. ಅವನೂ 1912ರಲ್ಲಿಯೇ ಹುಟ್ಟಿದವನು. 1927ರ ಕ್ರಿಸ್ಮಸ್ ಸಮಯದಲ್ಲಿ ಕ್ಯಾಡಿ ಹುಡುಗರಿಗಾಗಿ ನಡೆದ ಪಂದ್ಯದಲ್ಲಿ ಇಬ್ಬರೂ ಸಮಸಮವಾಗಿ ನಿಂತರು. ಮತ್ತೆ ಒಂಬತ್ತು ಕುಳಿ ಆಡಿಸಿದಾಗ ನೆಲ್ಸನ್ ಒಂದು ಹೊಡೆತದಿಂದ ಗೆದ್ದ. ಹದಿನೈದು ವರ್ಷ ಕಳೆದು, 1942ರಲ್ಲಿ, ಅಗಸ್ಟಾದ ಪ್ರಸಿದ್ಧ ಮಾಸ್ಟರ್ಸ್ ಪಂದ್ಯದಲ್ಲಿ ಆ ಇಬ್ಬರೇ ಮತ್ತೆ ಸಮಸಮವಾಗಿ ನಿಂತರು. ಮಾರನೆಯ ದಿನ ಮರು ಆಟ. ನೆಲ್ಸನ್ನನಿಗೆ ದೊಡ್ಡ ಪಂದ್ಯಗಳ ಮುನ್ನ ಹೊಟ್ಟೆ ತೊಳಸಿ ವಾಂತಿಯಾಗುವುದಿತ್ತು. ಆ ದಿನವೂ ಹಾಗೆಯೇ ಆಯಿತು. ಸುದ್ದಿ ತಿಳಿದ ಹೋಗನ್ ತಾನೇ ಬಂದು, ಆಟವನ್ನು ಮುಂದೂಡೋಣವೆಂದ. ಬೇಡ, ಆಡಿಯೇ ಬಿಡೋಣ ಎಂದ ನೆಲ್ಸನ್. ಮೊದಲ ಐದು ಕುಳಿ ಮುಗಿಯುವ ಹೊತ್ತಿಗೆ ಮೂರು ಹೊಡೆತ ಹಿಂದೆ ಬಿದ್ದಿದ್ದವನು, ಕೊನೆಗೆ 69 ಹೊಡೆತಕ್ಕೆ ಮುಗಿಸಿದ, ಹೋಗನ್ನನದು 70.

ಸ್ಪರ್ಧೆ ಎಂಬುದು ಹಗೆತನವಲ್ಲ ಎಂದು ಹೇಳಲು ಇದಕ್ಕಿಂತ ಬೇರೆ ಕಥೆ ಬೇಕೆ? ಎದುರಾಳಿ ಕಾಯಿಲೆ ಬಿದ್ದಾಗ ಗೆಲುವು ಸುಲಭವಾಯಿತೆಂದು ಹಿಗ್ಗದ ಹೋಗನ್ ಒಂದು ಕಡೆ. ಕಾಯಿಲೆಯನ್ನು ನೆಪ ಮಾಡಿಕೊಳ್ಳದ ನೆಲ್ಸನ್ ಇನ್ನೊಂದು ಕಡೆ. ಇಂತಹ ಎದುರಾಳಿ ಸಿಕ್ಕುವುದೂ ಒಂದು ಭಾಗ್ಯವೇ.

ಈಗ ಛಲದ ಮಾತಿಗೆ ಬರೋಣ. ಛಲವೆಂದರೆ ಹಲ್ಲು ಕಚ್ಚಿಕೊಂಡು ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದಲ್ಲ. ಮೊದಲ ದಿನಗಳಲ್ಲಿ ನೆಲ್ಸನ್, ಆಟ ಕೆಟ್ಟಾಗಲೆಲ್ಲ ದೂರ ಹೊಡೆಯುವ ಕೋಲನ್ನು ಬದಲಾಯಿಸುತ್ತಿದ್ದ. ಹೊಸ ಕೋಲು ಬೇಕೆಂದು ಮತ್ತೊಮ್ಮೆ ಹೇಳಿದಾಗ ಹೆಂಡತಿ ಲೂಯಿಸ್ ಸುಮ್ಮನಿರಲಿಲ್ಲ. ಮದುವೆಯಾಗಿ ವರ್ಷದ ಮೇಲಾಯಿತು. ನಾನೊಂದು ಹೊಸ ಉಡುಪು ಕೊಂಡಿಲ್ಲ, ಒಂದು ಜೊತೆ ಹೊಸ ಬೂಟು ಕೊಂಡಿಲ್ಲ. ನೀವಾದರೋ ನಾಲ್ಕು ಕೋಲು ಕೊಂಡಿರಿ, ಒಂದೂ ನಿಮಗೆ ಒಪ್ಪಿಗೆಯಾಗಲಿಲ್ಲ. ನಿಮಗೆ ಬೇಕಾದ ಕೋಲು ಯಾವುದೆಂದು ನಿಮಗೆ ತಿಳಿಯದು, ಇಲ್ಲವೇ ಹೊಡೆಯುವುದೇ ನಿಮಗೆ ಬಾರದು ಎಂಬ ಅರ್ಥದ ಮಾತನ್ನು ಆಕೆ ನೆಟ್ಟಗೆ ಆಡಿಬಿಟ್ಟರು. ನಮ್ಮಲ್ಲಿ ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಉಂಟಷ್ಟೆ. ಟೆಕ್ಸಾಸಿನ ಆ ಗೃಹಿಣಿಗೆ ನಮ್ಮ ಗಾದೆ ತಿಳಿಯದಿದ್ದರೂ ಅದರ ತಿರುಳು ಚೆನ್ನಾಗಿ ತಿಳಿದಿತ್ತು. ನೆಲ್ಸನ್ ಕೋಪಿಸಿಕೊಳ್ಳಲಿಲ್ಲ. ತಪ್ಪನ್ನು ಕೋಲಿನಲ್ಲಿ ಹುಡುಕುವುದನ್ನು ಬಿಟ್ಟು ತನ್ನಲ್ಲಿ ಹುಡುಕತೊಡಗಿದ.

ಆ ಹುಡುಕಾಟ ಕಡೆಗೆ ಒಂದು ಚಿಕ್ಕ ಪುಸ್ತಕವಾಯಿತು. ತಾನು ಆಡಿದ ಪ್ರತಿಯೊಂದು ಸುತ್ತಿನ ವಿವರವನ್ನೂ ಅದರಲ್ಲಿ ಬರೆದಿಡುತ್ತಿದ್ದ. 1944ನೆಯ ವರ್ಷ ಆತನಿಗೆ ಒಳ್ಳೆಯ ವರ್ಷ. ಅನೇಕ ಪಂದ್ಯಗಳನ್ನು ಗೆದ್ದಿದ್ದ. ಮತ್ತೊಬ್ಬನಾಗಿದ್ದರೆ ಪುಸ್ತಕವನ್ನು ಮುಚ್ಚಿಟ್ಟು ಹಬ್ಬ ಮಾಡುತ್ತಿದ್ದ. ಈತ ವರ್ಷದ ಕೊನೆಯಲ್ಲಿ ಕುಳಿತು ಪುಟ ತಿರುವಿದಾಗ ಎರಡು ಟಿಪ್ಪಣಿಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದವು. ಹಸುರಂಗಳದ ಅಂಚಿನಿಂದ ಚೆಂಡನ್ನು ಮೆಲ್ಲಗೆ ಕುಳಿಯ ಬಳಿಗೆ ಎತ್ತಿ ಹಾಕುವ ಹೊಡೆತ ಸಾಲದು ಎಂಬುದು ಒಂದು. ಅಜಾಗರೂಕತೆಯಿಂದ ಕೆಟ್ಟ ಹೊಡೆತ ಎಂಬುದು ಇನ್ನೊಂದು. ಮುಂದಿನ ವರ್ಷ ಈ ಎರಡನ್ನು ತಿದ್ದಿಕೊಂಡರೆ ಸಾಕೆಂದು ನಿಶ್ಚಯಿಸಿದ. ದೊಡ್ಡ ಪ್ರತಿಜ್ಞೆಗಳೇನೂ ಇಲ್ಲ; ಎರಡೇ ಎರಡು ಸಣ್ಣ ತಿದ್ದುಪಡಿ.

ಆಮೇಲೆ ಬಂದದ್ದು 1945. ಆ ವರ್ಷ ನೆಲ್ಸನ್ ಹದಿನೆಂಟು ಪಂದ್ಯಗಳನ್ನು ಗೆದ್ದ. ಏಳರಲ್ಲಿ ಎರಡನೆಯವನಾಗಿ ಬಂದ. ಸುತ್ತಿಗೆ ಸರಾಸರಿ 68.33 ಹೊಡೆತ. ಮಾರ್ಚಿನಿಂದ ಆಗಸ್ಟಿನವರೆಗೆ ಒಂದರ ಮೇಲೊಂದರಂತೆ ಹನ್ನೊಂದು ಪಂದ್ಯಗಳನ್ನು ಗೆದ್ದ. ಇಷ್ಟು ವರ್ಷಗಳಾದರೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಟೈಗರ್ ವುಡ್ಸ್‌ನಂತಹ ಮಹಾ ಆಟಗಾರನೂ ಏಳಕ್ಕೆ ನಿಲ್ಲಬೇಕಾಯಿತು. ಅದು ಯುದ್ಧದ ಕಾಲ, ಎದುರಾಳಿಗಳು ಸೈನ್ಯದಲ್ಲಿದ್ದರು ಎಂದು ಕೆಲವರು ಆಕ್ಷೇಪಿಸುವುದುಂಟು. ರಕ್ತ ಬೇಗ ಹೆಪ್ಪುಗಟ್ಟದ ದೋಷವಿದ್ದುದರಿಂದ ನೆಲ್ಸನ್ನನನ್ನು ಸೈನ್ಯಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ನಿಜ. ಆದರೆ ಹೋಗನ್, ಸ್ಯಾಮ್ ಸ್ನೀಡ್ ಮುಂತಾದವರು ಆ ವರ್ಷದ ಹಲವು ಪಂದ್ಯಗಳಲ್ಲಿ ಆಡಿದ್ದರು. ಅದಿರಲಿ, 68.33 ಎಂಬ ಅಂಕಿಯನ್ನು ಎದುರಾಳಿ ಕೊಟ್ಟದ್ದಲ್ಲ. ಬಯಲೂ ಚೆಂಡೂ ಕೊಟ್ಟದ್ದು.

ಇಷ್ಟು ಗೆದ್ದವನಿಗೆ ಇದ್ದ ಆಸೆಯಾದರೂ ಏನು? ಕೇಳಿದರೆ ನಿಮಗೆ ನಗು ಬರಬಹುದು. ಒಂದಿಷ್ಟು ಹೊಲ, ಒಂದಿಷ್ಟು ದನ. ಬಡತನದ ದಿನಗಳನ್ನು ಕಂಡಿದ್ದ ಆತನಿಗೆ ಸಾಲವೆಂದರೆ ಆಗದು. ಒಂದು ಕಾಸು ಸಾಲವಿಲ್ಲದೆ ಸ್ವಂತ ಜಮೀನು ಕೊಳ್ಳಬೇಕೆಂಬುದು ಆತನ ಹಂಬಲ. ಒಂದು ಪಂದ್ಯ ಗೆದ್ದರೆ ಇನ್ನೊಂದು ಎಕರೆ, ಇನ್ನೊಂದು ಹಸು ಎಂದೇ ಲೆಕ್ಕ ಹಾಕುತ್ತಿದ್ದ. ಆತನದು ಫಲಾಪೇಕ್ಷೆಯಿಲ್ಲದ ಕರ್ಮವೆಂದು ನಾನು ಹೇಳಲಾರೆ. ಫಲವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಆಡಿದ. ಆದರೆ ಆ ಫಲಕ್ಕೊಂದು ಮೇರೆ ಇತ್ತು. ರೋನೋಕ್ ಎಂಬ ಊರಿನ ಬಳಿ 630 ಎಕರೆ ಜಮೀನು ಕೊಂಡದ್ದಾಯಿತು. 1946ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಆಟ ಇನ್ನೂ ಉಚ್ಛ್ರಾಯದಲ್ಲಿರುವಾಗಲೇ, ಸಾಕು ಎಂದು ಪಂದ್ಯಗಳ ತಿರುಗಾಟವನ್ನು ನಿಲ್ಲಿಸಿದ.

ನಿಲ್ಲಿಸುವ ಮುನ್ನ ಒಂದು ಪರೀಕ್ಷೆ ನಡೆಯಿತು. ಆ ವರ್ಷದ ಅಮೆರಿಕನ್ ಓಪನ್ ಪಂದ್ಯದ ಮೂರನೆಯ ಸುತ್ತು. ನೋಡುವವರ ಗುಂಪು ನೂಕಿಕೊಂಡು ಬಂದಿತ್ತು. ಆ ನೂಕುನುಗ್ಗಲಿನಲ್ಲಿ ಆತನ ಕ್ಯಾಡಿಯ ಕಾಲು ಅರಿಯದೆ ಚೆಂಡಿಗೆ ತಗುಲಿತು. ನಿಯಮದಂತೆ ಒಂದು ಹೊಡೆತ ದಂಡ. ನಾಲ್ಕು ಸುತ್ತು ಮುಗಿದಾಗ ಮೂವರು ಸಮಸಮವಾಗಿದ್ದರು. ಮರು ಆಟದಲ್ಲಿ ಲಾಯ್ಡ್ ಮ್ಯಾಂಗ್ರಮ್ ಗೆದ್ದ. ಆ ಒಂದು ದಂಡದ ಹೊಡೆತ ಇಲ್ಲದಿದ್ದರೆ ಮರು ಆಟದ ಪ್ರಶ್ನೆಯೇ ಇರುತ್ತಿರಲಿಲ್ಲ. ಕ್ಯಾಡಿಯಾಗಿ ಚೀಲ ಹೊತ್ತು ಬೆಳೆದವನು ಇನ್ನೊಬ್ಬ ಕ್ಯಾಡಿಯ ಮೇಲೆ ಹರಿಹಾಯಲಿಲ್ಲ. ದಂಡವನ್ನು ಒಪ್ಪಿಕೊಂಡ, ಆಟ ಮುಂದುವರಿಸಿದ, ಸೋತ. ಹನ್ನೊಂದು ಗೆಲುವಿಗಿಂತ ಈ ಒಂದು ಸೋಲಿನಲ್ಲಿಯೇ ಆತನ ತೂಕ ನನಗೆ ಹೆಚ್ಚಾಗಿ ಕಾಣುತ್ತದೆ.

ದೈವಭಕ್ತಿಯ ವಿಷಯದಲ್ಲಿಯೂ ನೆಲ್ಸನ್ ತೋರಿಕೆಯ ಮನುಷ್ಯನಲ್ಲ. ಕುಡಿತವಿಲ್ಲ, ಸಿಗರೇಟಿಲ್ಲ. ಆದರೂ ಕೈ ಬಿಗಿಯಾಗಿದ್ದ ಮೊದಲ ದಿನಗಳಲ್ಲಿ ಒಂದು ಸಿಗರೇಟಿನ ಜಾಹೀರಾತಿಗೆ ಹೆಸರು ಕೊಟ್ಟುಬಿಟ್ಟ. ಮಕ್ಕಳಿಗೆ ಧರ್ಮಪಾಠ ಹೇಳುವವರು, ಮತ್ತಿತರರು ಕಾಗದ ಬರೆದು ನೊಂದುಕೊಂಡರು. ನೆಲ್ಸನ್ನನಿಗೆ ನಾಚಿಕೆಯಾಯಿತು. ಹಣ ಹಿಂದಿರುಗಿಸುತ್ತೇನೆ, ಜಾಹೀರಾತು ನಿಲ್ಲಿಸಿ ಎಂದು ಕೇಳಿಕೊಂಡರೂ ಕಂಪನಿಯವರು ಒಪ್ಪಲಿಲ್ಲ. ಆಗ ದೇವರ ಮುಂದೆ ತಪ್ಪೊಪ್ಪಿಕೊಂಡು, ಇನ್ನು ಜನರ ನಂಬಿಕೆಯನ್ನು ಕೆಡಿಸುವುದಿಲ್ಲವೆಂದು ಸಂಕಲ್ಪ ಮಾಡಿದ. ದೇವರು ನನ್ನನ್ನು ಗೆಲ್ಲಿಸುತ್ತಾನೆ ಎಂಬುದು ಒಂದು ಬಗೆಯ ಭಕ್ತಿ. ನೋಡುವವರು ಯಾರೂ ಇಲ್ಲದಾಗಲೂ ನಾನು ಲೆಕ್ಕ ಸರಿಯಾಗಿ ಕೊಡಬೇಕು ಎಂಬುದು ಇನ್ನೊಂದು ಬಗೆಯ ಭಕ್ತಿ. ಗಾಲ್ಫ್ ಬಯಲಿನಲ್ಲಿ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಯಲಿನ ಹೊರಗೂ ಅಷ್ಟೆ.

ಹೊಲ ಕೊಂಡು ನೆಲೆನಿಂತವನು ಆಟವನ್ನು ಮರೆತನೆ? ಇಲ್ಲ. ತಾನು ಕಲಿತುದನ್ನು ಹಂಚಿದ. 1974ರ ಅಮೆರಿಕನ್ ಓಪನ್ ಪಂದ್ಯದಲ್ಲಿ ಟಾಮ್ ವಾಟ್ಸನ್ ಎಂಬ ಇಪ್ಪತ್ತನಾಲ್ಕು ವರ್ಷದ ತರುಣ ಮೂರನೆಯ ಸುತ್ತು ಮುಗಿದಾಗ ಮುಂದಿದ್ದು, ಕೊನೆಯ ದಿನ 79 ಹೊಡೆದು ಕುಸಿದ. ಸೋತವನ ಕೋಣೆಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಅರುವತ್ತೆರಡು ವರ್ಷದ ನೆಲ್ಸನ್ ಹೋದ. ಸಮಾಧಾನ ಹೇಳಿ, ಬೇಕೆಂದಾಗ ತನ್ನಿಂದಾದ ಸಹಾಯ ಮಾಡುವೆನೆಂದ. ಮರುವರ್ಷ ವಾಟ್ಸನ್ ಬ್ರಿಟಿಷ್ ಓಪನ್ ಗೆದ್ದ. ಮುಂದೆ ಅದನ್ನೇ ಒಟ್ಟು ಐದು ಸಲ ಗೆದ್ದ. 1968ರಿಂದ ಡಲ್ಲಾಸಿನ ಪಂದ್ಯವೊಂದಕ್ಕೆ ನೆಲ್ಸನ್ನನ ಹೆಸರಿಟ್ಟರು. ಅದರಿಂದ ಬಂದ ಹಣ ಕಷ್ಟದಲ್ಲಿರುವ ಮಕ್ಕಳ ಮತ್ತು ಅವರ ಮನೆಯವರ ನೆರವಿಗೆ ಹೋಗುತ್ತದೆ. ತನ್ನ ಮಡಿಲಿಗೆ ಮಕ್ಕಳು ಬಾರದವನ ಹೆಸರಿನಲ್ಲಿ ಎಷ್ಟೋ ಮಕ್ಕಳು ನೆಮ್ಮದಿ ಕಂಡರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹೋಗನ್ 1949ರಲ್ಲಿ ಕಾರು ಅಪಘಾತದಲ್ಲಿ ಸಾವಿನ ಬಾಗಿಲಿಗೆ ಹೋಗಿ ಬಂದ. ಮರುವರ್ಷವೇ ನೋಯುವ ಕಾಲುಗಳ ಮೇಲೆ ನಡೆದು ಅಮೆರಿಕನ್ ಓಪನ್ ಗೆದ್ದ. ಅದು ಛಲ, ಯಾರೂ ಅಲ್ಲವೆನ್ನಲಾರರು. ಹಾಗಾದರೆ ಮೂವತ್ತನಾಲ್ಕಕ್ಕೆ ಬಿಟ್ಟು ಬಂದ ನೆಲ್ಸನ್ನನದು ಛಲವಲ್ಲವೆ? ನನಗೆ ತೋರುವುದು ಹೀಗೆ: ಬಿಡದೆ ಹಿಡಿಯುವುದಕ್ಕೆ ಎಷ್ಟು ಬಲ ಬೇಕೋ, ಹಿಡಿದದ್ದು ಕೈತುಂಬ ಇರುವಾಗ ಬಿಡುವುದಕ್ಕೂ ಅಷ್ಟೇ ಬಲ ಬೇಕು. ನೆಲ್ಸನ್ ಬಿಟ್ಟದ್ದು ಊರೂರಿನ ಪಂದ್ಯಗಳನ್ನು. ಆ ಚಿಕ್ಕ ಪುಸ್ತಕ ಕಲಿಸಿದ ಶಿಸ್ತನ್ನಲ್ಲ, ಕೊಟ್ಟ ಮಾತನ್ನಲ್ಲ, ಎದುರಾಳಿಯ ಮೇಲಿನ ಗೌರವವನ್ನಲ್ಲ. ಅವನ್ನು ತೊಂಬತ್ತನಾಲ್ಕರವರೆಗೆ ಹಿಡಿದುಕೊಂಡೇ ಇದ್ದ.

ನಿಮ್ಮ ಮನೆಯಲ್ಲಿಯೂ ಪರೀಕ್ಷೆಗೆ ಓದುವ ಮಗನಿರಬಹುದು, ಸಂಗೀತ ಸ್ಪರ್ಧೆಗೆ ಅಣಿಯಾಗುತ್ತಿರುವ ಮಗಳಿರಬಹುದು. ಒಂದು ಅಂಕದಿಂದ, ಒಂದು ಹೊಡೆತದಿಂದ ಕೈತಪ್ಪುವ ದಿನ ಅವರಿಗೂ ಬಂದೀತು. ಆ ದಿನ ಎಷ್ಟು ಬಂತು ಎಂದು ಕೇಳುವ ಮೊದಲು, ಯಾವುದನ್ನು ತಿದ್ದಿಕೊಳ್ಳಬೇಕೆಂದು ಗೊತ್ತಾಯಿತೇ ಎಂದು ಕೇಳಿ ನೋಡಿ. ಸಾಧ್ಯವಾದರೆ ಒಂದು ಚಿಕ್ಕ ಪುಸ್ತಕ ಕೊಂಡುಕೊಡಿ. ನಾಲ್ಕಾಣೆಯ ಕಾಲ ಹೋಯಿತು. ಆದರೂ ಪುಸ್ತಕದ ಬೆಲೆ ಇನ್ನೂ ಹೊಸ ಕೋಲಿನ ಬೆಲೆಗಿಂತ ಕಡಿಮೆಯೇ.